ಸಾಕುನಾಯಿಯೊಂದಿಗೆ ಕಬ್ಬನ್ ಉದ್ಯಾನಕ್ಕೆ ಭೇಟಿ: ಸಾರ್ವಜನಿಕರ ತಿಳಿವಳಿಕೆಗಾಗಿ

ಜೋಗುಪಾಳ್ಯ, ಹಲಸೂರು, ಶಿವಾಜಿನಗರ ಮೊದಲಾದ ಹಳೆಯ ಬಡಾವಣೆಗಳಲ್ಲಿ ಮನೆಗಳು ಒತ್ತಾಗಿದ್ದು, ಬೀದಿಗಳು ಕಿರಿದಾಗಿರುತ್ತವೆ. ಅಂಗಳವಿಲ್ಲದ ಮನೆಗಳಲ್ಲಿ ನಾಯಿ ಸಾಕಿರುವ ಕುಟುಂಬಗಳು ಅವುಗಳನ್ನು ಅಡ್ಡಾಡಿಸಲು ಕಬ್ಬನ್ ಉದ್ಯಾನಕ್ಕೆ ಬರುವುದು ರೂಢಿಯಲ್ಲಿದೆ. ಇಂತಹ ಭೇಟಿಗೆ ಮುನ್ನ ನಾಗರಿಕರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಉದ್ಯಾನದ ಹಿನ್ನೆಲೆ

ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯವರು 1870ರಲ್ಲಿ ಈ ಉದ್ಯಾನವನ್ನು ರೂಪಿಸಿದರು. ಮೊದಲಿಗೆ ಇದನ್ನು ಮೀಡ್ ಅವರ ಹೆಸರಿನಿಂದಲೂ, ತರುವಾಯ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರಿನಿಂದಲೂ ಕರೆಯಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಸಲಾಯಿತಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಆರಂಭದಲ್ಲಿ 100 ಎಕರೆಯಷ್ಟಿದ್ದ ಪ್ರದೇಶವನ್ನು ನಂತರ ಸುಮಾರು 300 ಎಕರೆಗೆ ವಿಸ್ತರಿಸಲಾಯಿತು. ಅಠಾರ ಕಚೇರಿ, ಸರ್ಕಾರಿ ವಸ್ತುಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯ ಹಾಗೂ ಜವಾಹರ ಬಾಲಭವನ ಇದೇ ಪರಿಸರದಲ್ಲಿವೆ. ಉದ್ಯಾನವು ತೋಟಗಾರಿಕೆ ಇಲಾಖೆಯ ನಿರ್ವಹಣೆಯಲ್ಲಿದ್ದು, ಕರ್ನಾಟಕ ಸರ್ಕಾರಿ ಉದ್ಯಾನವನಗಳ (ಸಂರಕ್ಷಣೆ) ಅಧಿನಿಯಮ, 1975ರ ರಕ್ಷಣೆಗೆ ಒಳಪಟ್ಟಿದೆ.

ನಾಯಿಗಳಿಗೆ ಪ್ರವೇಶ

ನಾಯಿಯನ್ನು ಕರೆತರುವ ಅವಕಾಶವು ಎಲ್ಲ ಉದ್ಯಾನಗಳಲ್ಲಿ ಒಂದೇ ರೀತಿಯಾಗಿಲ್ಲ. ಇದೇ ಇಲಾಖೆಯ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿ ಸಾಕುನಾಯಿಗಳಿಗೆ ಪ್ರವೇಶವಿಲ್ಲ. ಬಡಾವಣೆಯ ಸಣ್ಣ ಉದ್ಯಾನಗಳಲ್ಲಿ ಬಾಗಿಲ ಬಳಿಯ ಫಲಕವನ್ನು ಓದಿಕೊಂಡೇ ಒಳಹೋಗುವುದು ಉಚಿತ. ಕಬ್ಬನ್ ಉದ್ಯಾನದಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಪ್ರತ್ಯೇಕ ಆವರಣವಿದ್ದು, ಅದರ ಹೊರಗೆ ಎಲ್ಲೆಡೆ ನಾಯಿಯನ್ನು ಹಗ್ಗ ಅಥವಾ ಬೆಲ್ಟಿನಲ್ಲಿ ಹಿಡಿದುಕೊಂಡೇ ಇರಬೇಕು.

ಈ ಅವಕಾಶವು ಬಳಸುವವರ ನಡವಳಿಕೆಯನ್ನು ಅವಲಂಬಿಸಿದೆ. ನಾಯಿಗಳನ್ನು ಕಟ್ಟದೆ ಬಿಡಲಾಗುತ್ತಿದೆ, ಮಲವನ್ನು ತೆಗೆಯುತ್ತಿಲ್ಲ ಎಂಬ ದೂರುಗಳು ಹೆಚ್ಚಿದ ಕಾರಣ, 2022ರ ಜುಲೈ 1ರಿಂದ ಸಾಕುನಾಯಿಗಳನ್ನು ಸಂಪೂರ್ಣವಾಗಿ ನಿಷೇಧಿಸುವ ಪ್ರಸ್ತಾವವು ಮುಂದಿಡಲ್ಪಟ್ಟಿತ್ತು. ನಾಯಿ ಸಾಕಿದವರ ಮನವಿಯ ನಂತರ ಅದು ಜಾರಿಗೆ ಬರಲಿಲ್ಲ. ಕೆಲವರ ಅಲಕ್ಷ್ಯದಿಂದ ಎಲ್ಲರ ಅವಕಾಶಕ್ಕೂ ಕುತ್ತು ಬರಬಹುದೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ.

ಹೊರಡುವ ಮುನ್ನ

1. ಹುಚ್ಚುನಾಯಿ ರೋಗದ (ರೇಬೀಸ್) ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ನಂತರ ಪಶುವೈದ್ಯರ ಸಲಹೆಯಂತೆ ಮುಂದುವರಿಸತಕ್ಕದ್ದು. ಲಸಿಕೆಗಳು ಪೂರ್ಣಗೊಳ್ಳದ ಮರಿಯನ್ನು ಇತರ ನಾಯಿಗಳು ಸೇರುವ ಜಾಗಕ್ಕೆ ಕರೆತಂದರೆ ಅದಕ್ಕೇ ಸೋಂಕು ತಗಲುವ ಅಪಾಯವಿದೆ.

2. ಲಸಿಕಾ ಪುಸ್ತಕದ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಚ್ಚಿದ ಪ್ರಕರಣ ನಡೆದಲ್ಲಿ ವೈದ್ಯರು ಮೊದಲು ಕೇಳುವುದು ಇದನ್ನೇ.

3. ನಾಯಿ ಸಾಕಲು ಪರವಾನಗಿಯನ್ನು ನಗರ ಪಾಲಿಕೆಯಿಂದ ಪಡೆಯಬೇಕಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಅರ್ಜಿದಾರರು ತಮ್ಮ ವಾಸಸ್ಥಳ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು. ವಿಳಾಸದ ದಾಖಲೆ, ಲಸಿಕಾ ಪ್ರಮಾಣಪತ್ರ ಹಾಗೂ ನಾಯಿಯ ಭಾವಚಿತ್ರವನ್ನು ಸಿದ್ಧವಿಟ್ಟುಕೊಂಡರೆ ಅನುಕೂಲ.

4. ನಮ್ಮ ಮೆಟ್ರೋದಲ್ಲಿ ಸಾಕುಪ್ರಾಣಿಗಳನ್ನು ಕೊಂಡೊಯ್ಯಲು ಅವಕಾಶವಿಲ್ಲ. ಆದ್ದರಿಂದ ಹಲಸೂರು ನಿಲ್ದಾಣವು ಸಮೀಪದಲ್ಲಿದ್ದರೂ ಜೋಗುಪಾಳ್ಯದವರು ಬೇರೆ ವಾಹನದ ಏರ್ಪಾಡು ಮಾಡಿಕೊಳ್ಳಬೇಕು.

5. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಬರುವುದು ಲೇಸು. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಅದು ಏದುಸಿರಿನ ಮೂಲಕವೇ ದೇಹವನ್ನು ತಂಪಾಗಿಸಿಕೊಳ್ಳುತ್ತದೆ. ಕಾದ ಡಾಂಬರು ಅಂಗಾಲನ್ನು ಸುಡುತ್ತದೆ. ಕುಡಿಯುವ ನೀರು ಮತ್ತು ಬಟ್ಟಲು ಜೊತೆಯಲ್ಲಿರಲಿ.

ಉದ್ಯಾನದೊಳಗೆ

1. ಮಲವನ್ನು ಕಾಗದ ಅಥವಾ ಚೀಲದಲ್ಲಿ ಎತ್ತಿ ಕಸದ ತೊಟ್ಟಿಗೆ ಹಾಕುವುದು ಮಾಲೀಕರ ಹೊಣೆ. ಜಂತುಹುಳುಗಳ ಮೊಟ್ಟೆಗಳು ಮಲದಿಂದ ಮಣ್ಣಿಗೆ ಸೇರುತ್ತವೆ. ಅದೇ ಹುಲ್ಲಿನ ಮೇಲೆ ಮಕ್ಕಳು ಆಡುತ್ತಾರೆ, ಅದೇ ಮಣ್ಣಿನಲ್ಲಿ ಮಾಲಿಗಳು ಬರಿಗೈಯಿಂದ ಕೆಲಸ ಮಾಡುತ್ತಾರೆ.

2. ಬಾಲಭವನದ ಸುತ್ತಮುತ್ತ ಮಕ್ಕಳು ಹೆಚ್ಚಿರುವುದರಿಂದ ವಿಶೇಷ ಎಚ್ಚರ ವಹಿಸುವುದು. ನಾಯಿ ಸಾಧುವೆಂಬುದು ಸಾಕಿದವರಿಗೆ ತಿಳಿದಿರುತ್ತದೆಯೇ ಹೊರತು ಎದುರಿಗೆ ಬರುವ ಮಗುವಿಗೆ ಅಥವಾ ವೃದ್ಧರಿಗೆ ಅಲ್ಲ. ಸಿಡುಕು ಸ್ವಭಾವದ ನಾಯಿಗೆ ಬಾಯಿಕುಕ್ಕೆ ಹಾಕುವುದು ಸೂಕ್ತ.

3. ಉದ್ಯಾನದಲ್ಲಿ ಬೀದಿನಾಯಿಗಳೂ ಇರುತ್ತವೆ. ಅವುಗಳ ಮೇಲೆ ಸಾಕುನಾಯಿಯನ್ನು ಛೂ ಬಿಡುವುದಾಗಲಿ, ಅವುಗಳನ್ನು ಹೊಡೆಯುವುದಾಗಲಿ ಕೂಡದು. ಪ್ರಾಣಿಹಿಂಸೆಯು 1960ರ ಅಧಿನಿಯಮದಡಿ ದಂಡನಾರ್ಹವಾಗಿದೆ.

4. ನಾಯಿಯಿಂದ ಇತರರಿಗೆ ಗಾಯವಾಗದಂತೆ ನೋಡಿಕೊಳ್ಳದೆ ಉಪೇಕ್ಷಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 291ರಡಿ ಅಪರಾಧವಾಗಿದ್ದು, ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000ವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ನಾಯಿ ಕಚ್ಚಿದಲ್ಲಿ

ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷಗಳ ಕಾಲ ತೊಳೆಯಬೇಕು. ಸುಣ್ಣ, ಅರಿಸಿನ, ಕಾರದಪುಡಿ ಮುಂತಾದುವನ್ನು ಹಚ್ಚಬಾರದು. ಗಾಯ ಸಣ್ಣದೆಂದು ಉದಾಸೀನ ಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಬರೆದುಕೊಡುವ ದಿನಾಂಕಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಪಡೆಯಬೇಕು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೋಗಿ ಬದುಕುಳಿಯುವುದು ತೀರಾ ಅಪರೂಪ. ಆದರೆ ಸಕಾಲದ ಚಿಕಿತ್ಸೆಯಿಂದ ಅದನ್ನು ತಡೆಗಟ್ಟಬಹುದು. ಕಚ್ಚಿದ ನಾಯಿಯ ಮಾಲೀಕರು ಸ್ಥಳದಿಂದ ತೆರಳದೆ ತಮ್ಮ ವಿಳಾಸವನ್ನೂ ಲಸಿಕೆಯ ವಿವರವನ್ನೂ ನೀಡುವುದು ಅವರ ಕರ್ತವ್ಯವಾಗಿದೆ. ನಾಯಿಯನ್ನು ಹತ್ತು ದಿನಗಳ ಕಾಲ ಗಮನಿಸುವುದಕ್ಕೆ ಇದು ಅತ್ಯಗತ್ಯ.

ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದಿಂದ ನಗರದ ಜನರಿಗೆ ನೆರಳು ನೀಡುತ್ತಿರುವ ಈ ಉದ್ಯಾನವು ಎಲ್ಲರಿಗೂ ಸೇರಿದ್ದು. ನಾಯಿಯನ್ನು ಕರೆತರುವವರೂ ನಾಯಿಗೆ ಅಂಜುವವರೂ ನಿರಾತಂಕವಾಗಿ ಅದನ್ನು ಬಳಸುವಂತಾಗಲು ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.