ಅಧ್ಯಕ್ಷರ ಗೆಜೆಟ್, ಕೋರ್ಟಿನ ತಡೆ

2018ರ ನವೆಂಬರ್ 9ರ ರಾತ್ರಿ. ಕೊಲಂಬೊದಲ್ಲಿ ಒಂದು ಗೆಜೆಟ್ ಹೊರಬಿತ್ತು. ಶ್ರೀಲಂಕಾದ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ 225 ಸದಸ್ಯರ ಸಂಸತ್ತನ್ನೇ ವಿಸರ್ಜಿಸಿಬಿಟ್ಟಿದ್ದರು!

ಎರಡು ವಾರದ ಹಿಂದಷ್ಟೇ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ಕೆಳಗಿಳಿಸಿ, ಆ ಕುರ್ಚಿಯಲ್ಲಿ ಮಹಿಂದ ರಾಜಪಕ್ಸರನ್ನು ಕೂರಿಸಿದ್ದರು. ಬಹುಮತದ ಲೆಕ್ಕ ಮಾತ್ರ ಕೂಡಿಬರಲಿಲ್ಲ.

ವಿರೋಧಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅಧ್ಯಕ್ಷರ ಕಡೆಯ ವಾದ ಏನು? ಸಂವಿಧಾನದ 33ನೇ ವಿಧಿ ನೋಡಿ: ಸಂಸತ್ತನ್ನು ಕರೆಯೋದು, ಮುಂದೂಡೋದು, ವಿಸರ್ಜಿಸೋದು ಎಲ್ಲಾ ಅವರದೇ ಅಧಿಕಾರ. ಎದುರಿನವರು ಅಂದರು: 70ನೇ ವಿಧಿಯನ್ನೂ ಓದಿ ಸ್ವಾಮಿ! ಮೊದಲ ಸಭೆಯಿಂದ ನಾಲ್ಕೂವರೆ ವರ್ಷ ತುಂಬೋವರೆಗೆ ಸಂಸತ್ತನ್ನು ಮುಟ್ಟುವಂತಿಲ್ಲ. ಮೂರನೇ ಎರಡರಷ್ಟು ಸದಸ್ಯರು ತಾವೇ ನಿರ್ಣಯ ಮಾಡಿ ಕೇಳಿಕೊಂಡರೆ ಮಾತು ಬೇರೆ.

ತಮಾಷೆ ಗೊತ್ತಾ? ಈ ಬೇಲಿ ಹಾಕಿದ 19ನೇ ತಿದ್ದುಪಡಿ ಬಂದದ್ದು 2015ರಲ್ಲಿ, ಇದೇ ಸಿರಿಸೇನರ ಕಾಲದಲ್ಲಿ!

ಕೋರ್ಟ್ ಮೊದಲು ತಡೆಯಾಜ್ಞೆ ಕೊಟ್ಟಿತು. ಡಿಸೆಂಬರ್ 13ಕ್ಕೆ ಏಳು ನ್ಯಾಯಮೂರ್ತಿಗಳ ಒಮ್ಮತದ ತೀರ್ಪು: 33ನೇ ವಿಧಿಯನ್ನು ಒಂಟಿಯಾಗಿ ಓದುವಂತಿಲ್ಲ, 70ನೇ ವಿಧಿಯ ಷರತ್ತು ಅದಕ್ಕೂ ಅನ್ವಯ. ವಿಸರ್ಜನೆ ಅಸಿಂಧು. ಮೂರೇ ದಿನಕ್ಕೆ ರನಿಲ್ ಮತ್ತೆ ಪ್ರಧಾನಿ.

ಆ ಸಂಸತ್ತು ಮೊದಲು ಸೇರಿದ್ದು 2015ರ ಸೆಪ್ಟೆಂಬರ್ 1ರಂದು. ಮುಂದೆ ಅಧ್ಯಕ್ಷರಾದ ಗೋಟಬಯ ರಾಜಪಕ್ಸ ಅದನ್ನು ವಿಸರ್ಜಿಸಿದ್ದು 2020ರ ಮಾರ್ಚ್ 2ರಂದು. ಬೆರಳೆಣಿಸಿ ನೋಡಿ, ನಾಲ್ಕೂವರೆ ವರ್ಷ ತುಂಬಿದ ಕೂಡಲೇ!