ಕೆರೆಯಂಚಿನ ವೈನರಿಗಳಲ್ಲಿ ಒಂದು ದಿನ: ಸಣ್ಣ ಉದ್ಯಮಿಯು ಅರಿಯಬೇಕಾದ ಲೆಕ್ಕ

ಮಹದೇವಪುರ ಕೈಗಾರಿಕಾ ಪ್ರದೇಶದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಗಳನ್ನು ತಯಾರಿಸುವ ನನ್ನ ಮಿತ್ರರೊಬ್ಬರಿಗೆ ಇತ್ತೀಚೆಗೆ ಹೊಸ ಬಗೆಯ ಬೇಡಿಕೆಯೊಂದು ಬಂದಿತು. ಹಾಲಿನ ಡೇರಿಗಳಿಗೂ ಔಷಧ ಕಾರ್ಖಾನೆಗಳಿಗೂ ತೊಟ್ಟಿ ಒದಗಿಸಿ ಅನುಭವವುಳ್ಳ ಅವರನ್ನು, ದೊಡ್ಡಬಳ್ಳಾಪುರದ ಕಡೆ ಆರಂಭವಾಗಲಿರುವ ದ್ರಾಕ್ಷಾರಸ ಘಟಕವೊಂದು ಆರು ತೊಟ್ಟಿಗಳಿಗಾಗಿ ಕೇಳಿಕೊಂಡಿತ್ತು. ಬೆಲೆಯ ವಿಷಯದಲ್ಲಿ ಚೌಕಾಸಿ ಇರಲಿಲ್ಲ. ಆದರೆ ಹಣದ ಬಹುಭಾಗವನ್ನು ಮೊದಲ ವೈನ್ ಮಾರಾಟವಾದ ನಂತರ ಪಾವತಿಸುವುದಾಗಿ ಷರತ್ತು ಇತ್ತು. “ಟ್ಯಾಂಕು ಮಾಡಿಕೊಡುವುದು ಕಷ್ಟವಲ್ಲ ಸ್ವಾಮಿ, ಆ ಮೊದಲ ಮಾರಾಟ ಯಾವಾಗ ಎಂಬುದು ತಿಳಿಯಬೇಕಲ್ಲ” ಎಂದು ಅವರು ನನ್ನಲ್ಲಿ ಹೇಳಿದರು. ರಟ್ಟಿನ ಪೆಟ್ಟಿಗೆ ಮತ್ತು ಲೇಬಲ್ ವ್ಯಾಪಾರದಲ್ಲಿರುವ ನನಗೂ ಈ ಉದ್ಯಮದೊಂದಿಗೆ ಹಳೆಯ ಲೆಕ್ಕವೊಂದಿತ್ತು. ಆದ್ದರಿಂದ ನಡೆಯುತ್ತಿರುವ ವೈನರಿಗಳನ್ನು ಕಣ್ಣಾರೆ ನೋಡಿ ಬರೋಣವೆಂದು ಕಳೆದ ಫೆಬ್ರವರಿಯ ಒಂದು ಶನಿವಾರ ಇಬ್ಬರೂ ಹೊರಟೆವು. ಅಂದು ತಿಳಿದುಬಂದ ಸಂಗತಿಗಳು ನಮ್ಮ ಸದಸ್ಯ ಬಾಂಧವರಿಗೂ ಉಪಯುಕ್ತವಾಗಬಹುದೆಂಬ ಉದ್ದೇಶದಿಂದ ಈ ಲೇಖನ.

ನಂದಿ ಕಣಿವೆಯ ಹಿನ್ನೆಲೆ

ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳ ತಲುಪಿ, ಯಲಹಂಕದ ಮೂಲಕ ದೊಡ್ಡಬಳ್ಳಾಪುರದ ಕಡೆಗೆ ಸಾಗಿದರೆ ಕಾರ್ಖಾನೆಗಳ ಸಾಲು ಕ್ರಮೇಣ ವಿರಳವಾಗಿ ದ್ರಾಕ್ಷಿ ತೋಟಗಳು ಕಾಣಿಸಿಕೊಳ್ಳುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ಹಗಲಿನ ಬಿಸಿಲು ಮತ್ತು ಇರುಳಿನ ತಂಪು ಎರಡೂ ದೊರೆಯುವುದರಿಂದ ದ್ರಾಕ್ಷಿ ಬೆಳೆಗೆ ಅನುಕೂಲವಿದೆ. ಬೆಂಗಳೂರು ನೀಲಿ ದ್ರಾಕ್ಷಿಯು ಇಲ್ಲಿನ ಹಳೆಯ ಬೆಳೆಯಾಗಿದ್ದು, 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಅದು ಮುಖ್ಯವಾಗಿ ತಿನ್ನುವುದಕ್ಕೆ, ಹಣ್ಣಿನ ರಸಕ್ಕೆ ಹಾಗೂ ಸಿಹಿಯಾದ ಪೋರ್ಟ್ ಮಾದರಿಯ ವೈನಿಗೆ ಬಳಕೆಯಾಗುತ್ತದೆ. ಮೇಲ್ದರ್ಜೆಯ ವೈನಿಗೆ ಕ್ಯಾಬರ್ನೆ ಸೋವಿನ್ಯೋ, ಶಿರಾಜ್, ಸೋವಿನ್ಯೋ ಬ್ಲಾಂಕ್ ಮೊದಲಾದ ತಳಿಗಳನ್ನು ಪ್ರತ್ಯೇಕವಾಗಿ ಬೆಳೆಯಬೇಕಾಗುತ್ತದೆ.

ಈ ದಿಕ್ಕಿನಲ್ಲಿ ಮೊದಲು ದಾರಿ ತೋರಿದವರು ಕನ್ವಲ್ ಗ್ರೋವರ್. ಫ್ರಾನ್ಸಿನ ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಅವರು ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. ಸಂಸ್ಥೆಯ ಮೊದಲ ವೈನ್ ಹೊರಬಂದುದು 1992ರಲ್ಲಿ. 2012ರಲ್ಲಿ ಅದು ನಾಸಿಕ್ ಪ್ರದೇಶದ ಸಂಸ್ಥೆಯೊಂದಿಗೆ ವಿಲೀನಗೊಂಡು ಗ್ರೋವರ್ ಜಂಪಾ ಎಂಬ ಹೆಸರು ಪಡೆಯಿತು. ಸ್ಥಾಪನೆಗೂ ಮೊದಲ ಬಾಟಲಿಗೂ ನಡುವೆ ಸಂದ ನಾಲ್ಕು ವರ್ಷಗಳನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ಈ ಉದ್ಯಮಕ್ಕಾಗಿಯೇ ಮಂಡಳಿಯೊಂದನ್ನು ರಚಿಸಿತು. ವೈನ್ ತಯಾರಿಕೆಯನ್ನು ಕೃಷಿ ಆಧಾರಿತ ಸಂಸ್ಕರಣಾ ಉದ್ಯಮವಾಗಿ ಕಾಣುವ ದೃಷ್ಟಿ ಆಗಿನಿಂದ ಬಲಗೊಂಡಿತು.

ವರ್ಷಕ್ಕೊಮ್ಮೆ ಮಾತ್ರ ಓಡುವ ಕಾರ್ಖಾನೆ

ಸಾಧಾರಣ ಕಾರ್ಖಾನೆಗೆ ಕಚ್ಚಾ ಸಾಮಗ್ರಿ ತಿಂಗಳು ತಿಂಗಳೂ ಬರುತ್ತದೆ. ವೈನರಿಗೆ ಅದು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ನಮ್ಮ ಹವಾಮಾನದಲ್ಲಿ ದ್ರಾಕ್ಷಿ ಬಳ್ಳಿಯು ಶೀತದೇಶಗಳಂತೆ ಚಳಿಗಾಲದಲ್ಲಿ ನಿದ್ರಿಸುವುದಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಬಳ್ಳಿಯನ್ನು ಸವರಲಾಗುತ್ತದೆ. ಸವರುವುದು ಎರಡು ಬಾರಿಯಾದರೂ ಫಸಲು ಒಂದೇ. ಅದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಿಗೆ ಬರುತ್ತದೆ. ಹೊಸದಾಗಿ ನೆಟ್ಟ ಬಳ್ಳಿ ತಕ್ಕಮಟ್ಟಿನ ಫಸಲು ಕೊಡಲು ಮೂರನೆಯ ವರ್ಷದವರೆಗೆ ಕಾಯಬೇಕು.

ಕೊಯ್ಲು ಬೆಳಗಿನ ತಂಪಿನಲ್ಲೇ ನಡೆಯುತ್ತದೆ. ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಹಿಂಡಿ ಅಥವಾ ಜಜ್ಜಿ ತೊಟ್ಟಿಗೆ ತುಂಬಲಾಗುತ್ತದೆ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುತ್ತದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಗೆ ಶೇಕಡಾ 1ರಷ್ಟು ಮದ್ಯಸಾರ ಎಂಬುದು ಲೆಕ್ಕ. 220 ಗ್ರಾಂ ಸಕ್ಕರೆಯಿದ್ದ ರಸ ಶೇಕಡಾ 13ರ ಆಸುಪಾಸಿನ ವೈನ್ ಆಗುತ್ತದೆ. ಒಂದು ಟನ್ ಹಣ್ಣಿನಿಂದ ಸುಮಾರು 600ರಿಂದ 700 ಲೀಟರ್ ದೊರೆಯುತ್ತದೆ.

ಹುದುಗುವಾಗ ರಸ ತಾನಾಗಿಯೇ ಬಿಸಿಯಾಗುತ್ತದೆ. ಬಿಳಿ ವೈನನ್ನು 12ರಿಂದ 18 ಡಿಗ್ರಿ, ಕೆಂಪು ವೈನನ್ನು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸದಿದ್ದರೆ ಪರಿಮಳ ಕೆಡುತ್ತದೆ. ಆದ್ದರಿಂದ ತೊಟ್ಟಿಯ ಸುತ್ತ ಶೀತಲ ದ್ರವ ಹರಿಯುವ ಹೊರಪದರ ಅತ್ಯವಶ್ಯಕ. ಹಾಲಿನ ತೊಟ್ಟಿ ಮಾಡುವವರಿಗೆ ಇದು ಹೊಸದೇನಲ್ಲ. ಆದರೆ ಎರಡು ವ್ಯತ್ಯಾಸಗಳನ್ನು ನನ್ನ ಮಿತ್ರರು ಗುರುತು ಹಾಕಿಕೊಂಡರು. ಮೊದಲನೆಯದು, ಕೆಂಪು ವೈನಿನ ತೊಟ್ಟಿಯಿಂದ ಸಿಪ್ಪೆ ಮತ್ತು ಬೀಜವನ್ನು ಹೊರತೆಗೆಯಲು ಕೆಳಭಾಗದಲ್ಲಿ ಅಗಲವಾದ ಬಾಗಿಲು ಬೇಕು. ಎರಡನೆಯದು, ವೈನ್ ಕೆಡದಂತೆ ಸೇರಿಸುವ ಗಂಧಕದ ಡೈಆಕ್ಸೈಡ್ ತೊಟ್ಟಿಯ ಮೇಲಿನ ಖಾಲಿ ಜಾಗದಲ್ಲಿ ಸಂಗ್ರಹವಾಗಿ 304 ದರ್ಜೆಯ ಉಕ್ಕನ್ನು ಕೊರೆಯಬಲ್ಲದು. ಆದ್ದರಿಂದ ಮೇಲ್ಭಾಗಕ್ಕಾದರೂ 316 ದರ್ಜೆಯ ತಗಡು ಹಾಕುವುದು ಕ್ಷೇಮ. ಇದನ್ನು ಗಣನೆಗೆ ತಂದುಕೊಳ್ಳದೆ ಬೆಲೆ ನಮೂದಿಸಿದವರಿಗೆ ನಷ್ಟ ಖಚಿತ.

ಇನ್ನೂ ಒಂದು ಎಚ್ಚರಿಕೆ ಅವಶ್ಯಕ. ಕಳಿತ ಹಣ್ಣು ಯಾರಿಗಾಗಿಯೂ ಕಾಯುವುದಿಲ್ಲ. ತೊಟ್ಟಿಯ ಸರಬರಾಜು ಜನವರಿ ದಾಟಿ ಹದಿನೈದು ದಿನ ತಡವಾದರೆ ಖರೀದಿದಾರನಿಗೆ ಒಂದಿಡೀ ವರ್ಷವೇ ಕೈತಪ್ಪುತ್ತದೆ. ಆದ್ದರಿಂದ ವಿಳಂಬದ ದಂಡ ಕುರಿತ ಷರತ್ತನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳತಕ್ಕದ್ದು.

ಹಣ ಎಲ್ಲಿ ನಿಲ್ಲುತ್ತದೆ?

ಮಧ್ಯಾಹ್ನ ನಾವು ಮಾಕಳಿದುರ್ಗದ ತಪ್ಪಲಿನಲ್ಲಿ, ಗುಂಡಮಗೆರೆ ಕೆರೆಯ ಸಮೀಪವಿರುವ ಸೋಮ ವೈನ್‌ಯಾರ್ಡ್ಸ್ ಕಡೆಗೆ ಹೋದೆವು. ಕೆರೆಯ ಮೇಲಿನಿಂದ ಬೀಸುವ ಗಾಳಿ, ಹಿಂದೆ ಬಂಡೆಗಳ ಬೆಟ್ಟ, ಮುಂದೆ ತಂತಿಗೆ ಹಬ್ಬಿಸಿದ ಬಳ್ಳಿಗಳ ಸಾಲು. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಸಂಸ್ಥೆಗಳ ತರುಣರು ಕುಟುಂಬ ಸಮೇತರಾಗಿ ಬಂದಿದ್ದರು. ಇದು ಕೇವಲ ವಿಹಾರವೆಂದು ಮೊದಲು ನಮಗೂ ತೋರಿತು. ಆದರೆ ಲೆಕ್ಕ ಹಾಕುತ್ತ ಹೋದಂತೆ ಈ ಉದ್ಯಮದ ಗುಟ್ಟು ಇಲ್ಲಿಯೇ ಇದೆಯೆಂದು ಮನವರಿಕೆಯಾಯಿತು.

ಬಿಳಿ ವೈನ್ ಕೊಯ್ಲಾದ ಕೆಲವು ತಿಂಗಳಲ್ಲಿ ಮಾರಾಟಕ್ಕೆ ಸಿದ್ಧವಾಗುತ್ತದೆ. ಉತ್ತಮ ಕೆಂಪು ವೈನ್ ಓಕ್ ಮರದ ಪೀಪಾಯಿಯಲ್ಲಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಳೆಯುತ್ತದೆ. ಅಷ್ಟು ದಿನವೂ ಹಣ್ಣು, ಬಾಟಲಿ, ವಿದ್ಯುತ್ತು, ಬಡ್ಡಿ ಎಲ್ಲವೂ ಪೀಪಾಯಿಯೊಳಗೆ ಬಂಧಿತವಾಗಿರುತ್ತವೆ. ಮಾರಾಟಕ್ಕೆ ಬಂದಾಗಲೂ ದಾರಿ ಸುಗಮವಲ್ಲ. ಮದ್ಯವು ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯವಾದ್ದರಿಂದ ಪ್ರತಿ ರಾಜ್ಯದಲ್ಲೂ ಪ್ರತ್ಯೇಕ ಅನುಮತಿ, ಲೇಬಲ್ ಮಂಜೂರಾತಿ ಮತ್ತು ಸುಂಕಗಳಿವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಮಾನವ ಸೇವನೆಯ ಮದ್ಯವನ್ನು ಅದರ ಹೊರಗಿಡಲಾಯಿತು. ಪರಿಣಾಮವಾಗಿ ತೊಟ್ಟಿ, ಬಾಟಲಿ, ಪೆಟ್ಟಿಗೆಗಳ ಮೇಲೆ ವೈನರಿ ತೆತ್ತ ಜಿಎಸ್‌ಟಿ ಹಿಂದಿರುಗುವುದಿಲ್ಲ. ಅದು ವೆಚ್ಚವಾಗಿಯೇ ಉಳಿಯುತ್ತದೆ. ನಮ್ಮ ಬೆಲೆಪಟ್ಟಿಯನ್ನು ತೆರಿಗೆ ಸಹಿತವಾಗಿಯೇ ಅವರು ತೂಗಿ ನೋಡುವುದು ಇದೇ ಕಾರಣಕ್ಕೆ.

ಹೀಗಿರುವಾಗ ಬಾಗಿಲಿಗೆ ಬಂದ ಸಂದರ್ಶಕನು ರುಚಿ ನೋಡಿ, ಊಟ ಮಾಡಿ, ಎರಡು ಬಾಟಲಿ ಕೊಂಡೊಯ್ದರೆ ಆ ಹಣ ಅಂದೇ ಕೈಸೇರುತ್ತದೆ. ಸಾಗಣೆಯಿಲ್ಲ, ಅಂಗಡಿಯವನ ಸಾಲವಿಲ್ಲ. ಸಣ್ಣ ವೈನರಿಗೆ ಪ್ರವಾಸಿಗರ ಬಾಗಿಲೆಂಬುದು ತೊಟ್ಟಿಯಷ್ಟೇ ಮುಖ್ಯವಾದ ಯಂತ್ರ. ನನ್ನ ಮಿತ್ರರಿಗೆ ಬೇಡಿಕೆ ಸಲ್ಲಿಸಿದ ಘಟಕದ ಯೋಜನೆಯಲ್ಲಿ ಅಂಥ ಬಾಗಿಲೇ ಇರಲಿಲ್ಲ. ಇದ್ದುದೆಲ್ಲ ಕೆಂಪು ವೈನ್, ಅದೂ ಹೊರರಾಜ್ಯದ ಮಾರುಕಟ್ಟೆಗೆ. ಮೊದಲ ಮಾರಾಟಕ್ಕೆ ಎರಡು ವರ್ಷವೇ ಬೇಕಾಗಬಹುದೆಂಬುದು ಅಲ್ಲಿಯೇ ಸ್ಪಷ್ಟವಾಯಿತು.

ನನ್ನ ಹಳೆಯ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ತಯಾರಕರಿಗಾಗಿ ಲೇಬಲ್‌ಗಳನ್ನು ಮುದ್ರಿಸಿ ಇರಿಸಿದ್ದೆ. ಅವರು ಮಂಜೂರಾತಿ ದೊರೆಯುವ ಮೊದಲೇ ಅವಸರಪಡಿಸಿದ್ದರು. ನಂತರ ಎಚ್ಚರಿಕೆಯ ಒಕ್ಕಣೆ ಬದಲಾಗಬೇಕಾಗಿ ಬಂದು, ಮುದ್ರಿಸಿದ ಮಾಲು ರದ್ದಿಗೆ ಹೋಯಿತು, ಹಣವೂ ಬರಲಿಲ್ಲ. ಮಂಜೂರಾತಿ ಪತ್ರದ ಪ್ರತಿ ಕೇಳದೆ ಮುದ್ರಣಕ್ಕೆ ಕೊಟ್ಟುದು ನನ್ನದೇ ತಪ್ಪು.

ಕೆರೆಯ ಮಾತು

ವೈನರಿಯಲ್ಲಿ ತೊಟ್ಟಿ, ನೆಲ, ಕೊಳವೆಗಳನ್ನು ಮತ್ತೆ ಮತ್ತೆ ತೊಳೆಯಬೇಕು. ಆ ನೀರಿನಲ್ಲಿ ಸಕ್ಕರೆ, ಆಮ್ಲ, ಯೀಸ್ಟಿನ ಗಷ್ಟು ಇರುತ್ತವೆ. ಅದು ನೇರವಾಗಿ ಕೆರೆಗೆ ಸೇರಿದರೆ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಕೊಳಚೆ ನೀರು ಸೇರಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಲ್ಲಿ ನೊರೆ ಎದ್ದುದನ್ನು, 2015 ಹಾಗೂ 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದನ್ನು ಮಹದೇವಪುರದವರಾದ ನಾವು ಹತ್ತಿರದಿಂದ ಕಂಡಿದ್ದೇವೆ. ಕೆರೆಯ ಅಂದವನ್ನೇ ತೋರಿಸಿ ಗ್ರಾಹಕರನ್ನು ಕರೆಯುವ ಉದ್ಯಮಕ್ಕೆ ಕೆರೆ ಕೆಟ್ಟರೆ ವ್ಯಾಪಾರವೇ ಕೆಟ್ಟಂತೆ. ತೊಳೆದ ನೀರಿನ ಸಂಸ್ಕರಣೆಗೆ ಬೇಕಾದ ಸಣ್ಣ ಪ್ರಮಾಣದ ಉಪಕರಣಗಳ ತಯಾರಿಕೆಯಲ್ಲಿ ನಮ್ಮ ಕೈಗಾರಿಕಾ ಪ್ರದೇಶದ ಘಟಕಗಳಿಗೆ ಒಳ್ಳೆಯ ಅವಕಾಶವಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ವೈನರಿಗೆ ಯಂತ್ರ ಅಥವಾ ಸಾಮಗ್ರಿ ಒದಗಿಸುವ ಮೊದಲು ಅದರ ತೋಟದ ವಯಸ್ಸು, ತಯಾರಿಸುವ ವೈನಿನ ಬಗೆ ಹಾಗೂ ಸ್ಥಳದಲ್ಲೇ ಮಾರಾಟದ ವ್ಯವಸ್ಥೆ ಇದೆಯೇ ಎಂಬುದನ್ನು ವಿಚಾರಿಸಿರಿ.

2. ಪಾವತಿಯನ್ನು ಮಾರಾಟಕ್ಕಲ್ಲ, ದಿನಾಂಕಕ್ಕೆ ಕಟ್ಟಿರಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ನೋಂದಣಿ ಮಾಡಿಸಿಕೊಂಡಿರುವುದು ಅವಶ್ಯಕ.

3. ಕಚ್ಚಾ ಸಾಮಗ್ರಿಯ ಮೊತ್ತವನ್ನಾದರೂ ಮುಂಗಡವಾಗಿ ಪಡೆಯಿರಿ.

4. ಲೇಬಲ್ ಮತ್ತು ಪೆಟ್ಟಿಗೆ ಮುದ್ರಕರು ಮಂಜೂರಾತಿ ಪತ್ರದ ಪ್ರತಿ ಕೈಸೇರುವವರೆಗೆ ಮುದ್ರಣ ಆರಂಭಿಸಬಾರದು.

ಸಂಜೆ ಹಿಂತಿರುಗುವಾಗ ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ನಿಂತಿದ್ದಾಗಲೇ ಮಿತ್ರರು ತಮ್ಮ ನಿರ್ಧಾರ ತಿಳಿಸಿದರು. ಆರು ತೊಟ್ಟಿಗಳ ಬದಲು ಎರಡನ್ನು ಮಾತ್ರ, ತಗಡಿನ ಪೂರ್ಣ ಬೆಲೆಯನ್ನು ಮುಂಗಡ ಪಡೆದು, ಉಳಿದ ಹಣವನ್ನು ರವಾನೆಗೆ ಮುನ್ನ ಪಡೆದು ಮಾಡಿಕೊಡುವುದಾಗಿ ಅವರು ಸೋಮವಾರವೇ ಪತ್ರ ಬರೆದರು. ಎರಡು ವಾರಗಳ ನಂತರ ಒಪ್ಪಿಗೆ ಬಂದಿತು. ಜೊತೆಗೆ, ಸಂದರ್ಶಕರಿಗಾಗಿ ರುಚಿ ನೋಡುವ ಕೊಠಡಿಯೊಂದನ್ನು ಯೋಜನೆಗೆ ಸೇರಿಸಿರುವುದಾಗಿಯೂ ಆ ಪತ್ರದಲ್ಲಿ ತಿಳಿಸಲಾಗಿತ್ತು. ಉಳಿದ ನಾಲ್ಕು ತೊಟ್ಟಿಗಳ ಮಾತು ಮೊದಲ ಕೊಯ್ಲಿನ ನಂತರ.