ಪರಸ್ಪರ ಕೊಂಡಿಯುಳ್ಳ ಸಂಶೋಧನ ಟಿಪ್ಪಣಿಗಳು: ಸರಳ ಪಠ್ಯ ವಿನ್ಯಾಸದ ನೆಲೆಗಳು

ಸಂಶೋಧಕರು ವರ್ಷಗಟ್ಟಲೆ ಕಲೆಹಾಕುವ ಟಿಪ್ಪಣಿಗಳು ಒಂದನ್ನೊಂದು ಉಲ್ಲೇಖಿಸಿದಾಗಲೇ ಅಧ್ಯಯನಕ್ಕೆ ಚೆನ್ನಾಗಿ ಒದಗುತ್ತವೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927-1998) ಅವರು ಸುಮಾರು 90,000 ಚೀಟಿಗಳನ್ನು ಈ ಬಗೆಯಲ್ಲಿ ಜೋಡಿಸಿದ್ದರು. ಪ್ರತಿಯೊಂದು ಚೀಟಿಗೂ ಸ್ಥಿರವಾದ ಸಂಖ್ಯೆಯಿದ್ದು, ಬೇರೊಂದು ಚೀಟಿಯಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಅದೇ ಕೊಂಡಿಯಾಗುತ್ತಿತ್ತು. ಈ ತತ್ತ್ವವನ್ನು ಗಣಕದಲ್ಲಿ ಕನ್ನಡ ಟಿಪ್ಪಣಿಗಳಿಗೆ ಅನ್ವಯಿಸುವಾಗ ಎದುರಾಗುವ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮೊದಲನೆಯದು ಬಾಳಿಕೆಯ ಪ್ರಶ್ನೆ. 1991ರಲ್ಲಿಯೇ ಯೂನಿಕೋಡ್ ಕನ್ನಡ ಲಿಪಿಯನ್ನು ಒಳಗೊಂಡಿದ್ದರೂ ಆನಂತರವೂ ಬಹುಕಾಲ ಕನ್ನಡದ ಬೆರಳಚ್ಚು ಫಾಂಟನ್ನು ಅವಲಂಬಿಸಿದ ಸಂಕೇತಗಳಲ್ಲಿ ನಡೆಯಿತು. ಅಂತಹ ಕಡತವನ್ನು ಸಂಬಂಧಿಸಿದ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು ಮಾತ್ರ ಕಾಣುತ್ತವೆ. ದಶಕಗಳ ಶ್ರಮ ಹೀಗೆ ಓದಲಾಗದಂತಾಗುವ ಅಪಾಯವಿದೆ. ಆದ್ದರಿಂದ ಒಂದು ಟಿಪ್ಪಣಿಗೆ ಒಂದು ಕಡತ, ಅದೂ ಯೂನಿಕೋಡ್‌ನ ಸರಳ ಪಠ್ಯ, ಎಂಬುದು ಮೊದಲ ನಿಯಮವಾಗಬೇಕು.

ಎರಡನೆಯದು ಕೊಂಡಿಯ ಪ್ರಶ್ನೆ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಆರಂಭಿಸಿದ ವಿಕಿಯಲ್ಲಿ ಪುಟದ ಹೆಸರೇ ಕೊಂಡಿಯಾಗಿತ್ತು. ಕನ್ನಡದಲ್ಲಿ ಈ ಕ್ರಮಕ್ಕೆ ಮೂರು ತೊಡಕುಗಳಿವೆ. ಒಂದು, ವಿಭಕ್ತಿ ಪ್ರತ್ಯಯ: ವಾಕ್ಯದಲ್ಲಿ ಬರುವ ‘ಕವಿರಾಜಮಾರ್ಗದಲ್ಲಿ’ ಎಂಬ ರೂಪವನ್ನು ಗಣಕವು ‘ಕವಿರಾಜಮಾರ್ಗ’ ಎಂಬ ಶೀರ್ಷಿಕೆಯೆಂದು ತಾನಾಗಿ ಗುರುತಿಸಲಾರದು. ಎರಡು, ನಾಮಾಂತರ: ‘ವಿಕ್ರಮಾರ್ಜುನವಿಜಯ’, ‘ಪಂಪಭಾರತ’ ಇವೆರಡೂ ಒಂದೇ ಕೃತಿಯ ಹೆಸರುಗಳು. ಮೂರು, ಸಂಕೇತಭೇದ: ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎಕಾರ, ಊಕಾರಗಳ ಎರಡು ಚಿಹ್ನೆಗಳಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ; ಅಕ್ಷರಶಃ ಹೋಲಿಸುವ ಗಣಕಕ್ಕೆ ಬೇರೆ ಬೇರೆ.

ಈ ಕಾರಣದಿಂದ ಟಿಪ್ಪಣಿಯ ಗುರುತನ್ನು ಅದರ ಹೆಸರಿನಿಂದ ಬೇರ್ಪಡಿಸುವುದು ಅಗತ್ಯ. ಟಿಪ್ಪಣಿ ರಚಿತವಾದ ದಿನ, ಗಂಟೆ, ನಿಮಿಷಗಳನ್ನು ಸೇರಿಸಿದ ಸಂಖ್ಯೆಯೇ ಕಡತದ ಹೆಸರೂ ಮೊದಲ ಸಾಲೂ ಆಗಿರಲಿ. ಎರಡನೆಯ ಸಾಲಿನಲ್ಲಿ ಶೀರ್ಷಿಕೆ, ಮೂರನೆಯದರಲ್ಲಿ ಆಕರ, ಮುದ್ರಣದ ವರ್ಷ ಮತ್ತು ಪುಟ, ಒಂದು ಖಾಲಿ ಸಾಲಿನ ಬಳಿಕ ವಿಷಯ ಬರುತ್ತವೆ. ಕೊಂಡಿಯ ರೂಪ ಹೀಗಿರಬಹುದು:

[[202403151030|ಕವಿರಾಜಮಾರ್ಗದಲ್ಲಿ]]

ಇಲ್ಲಿ ಎಡಭಾಗ ಗಣಕಕ್ಕೆ, ಬಲಭಾಗ ಓದುಗರಿಗೆ. ಪ್ರತ್ಯಯ ಬದಲಾದರೂ ಶೀರ್ಷಿಕೆಯನ್ನು ತಿದ್ದಿದರೂ ಕೊಂಡಿ ಕಡಿಯುವುದಿಲ್ಲ. ‘1’ ಮತ್ತು ‘೧’ ಬೇರೆ ಬೇರೆ ಸಂಕೇತಗಳಾದುದರಿಂದ ಸಂಖ್ಯೆಯಲ್ಲಿ ಒಂದೇ ಬಗೆಯ ಅಂಕಿಗಳನ್ನು ಬಳಸಬೇಕು. ಒಂದು ಟಿಪ್ಪಣಿಯನ್ನು ಉಲ್ಲೇಖಿಸಿರುವ ಕಡತಗಳನ್ನೆಲ್ಲ ತಿಳಿಯಲು ಅದರ ಸಂಖ್ಯೆಯನ್ನು ಹುಡುಕಿದರೆ ಸಾಕು. ವಿಶೇಷ ತಂತ್ರಾಂಶ ಬೇಕಿಲ್ಲ.

ಸಂಖ್ಯೆಯನ್ನು ಹುಡುಕಿ ನಮೂದಿಸುವ ಶ್ರಮ ಈ ಕ್ರಮದ ಮಿತಿ. ಆದರೆ ಈ ಟಿಪ್ಪಣಿಗಳನ್ನು ಮುದ್ರಿಸಿ ಸಂಖ್ಯಾಕ್ರಮದಲ್ಲಿ ಜೋಡಿಸಿಟ್ಟರೆ, ಗಣಕದ ನೆರವಿಲ್ಲದೆಯೂ ಮುಂದಿನ ಸಂಶೋಧಕರು ಒಂದರಿಂದ ಇನ್ನೊಂದನ್ನು ತಲುಪಬಲ್ಲರು.